ಕಾರ್ಪೆಟ್ಟಿನ ದ್ವೀಪ

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಮಗಳ ಶಾಲೆಯಿಂದ ಮೆಸೇಜು ಬಂತು: ಶುಕ್ರವಾರ 'ಇಂಡಿಯಾನೆನ್' ದಿನ, ಪೋಷಕರಿಗೆ ಸ್ವಾಗತ. ಇಂಡಿಯಾನೆನ್ ಅಂದರೆ ನಾವಲ್ಲದೆ ಮತ್ಯಾರು? ಮೈಸೂರು ಸಿಲ್ಕ್ ಉಟ್ಟು, ಕೋಸಂಬರಿ ಡಬ್ಬಿಯನ್ನು ಸೈಕಲ್ ಬುಟ್ಟಿಯಲ್ಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಕ್ಲಾಸಿನೊಳಗೆ ಕಾಲಿಟ್ಟರೆ ಎಲ್ಲ ಮಕ್ಕಳ ತಲೆಯ ಮೇಲೂ ಕಾಗದದ ಗರಿ! ಡಚ್ಚಿನಲ್ಲಿ ನಾವು 'ಇಂಡಿಯರ್ಸ್'. ಇಂಡಿಯಾನೆನ್ ಎಂದರೆ ಅಮೆರಿಕದ ಮೂಲನಿವಾಸಿಗಳು. ಹಿಂದೊಬ್ಬ ನಾವಿಕ ಇಂಡಿಯಾ ಹುಡುಕುತ್ತಾ ಅವರ ದಡ ಸೇರಿ, ನಮ್ಮ ಹೆಸರನ್ನು ಅವರಿಗಿಟ್ಟಿದ್ದ. ಅವನು ಹಡಗಿನಲ್ಲಿ ಮಾಡಿದ ತಪ್ಪನ್ನು ನಾನು ಸೈಕಲ್ಲಿನಲ್ಲಿ ಮಾಡಿದೆ. ಆದರೆ ನಾನು ಕೋಸಂಬರಿ ಕೊಟ್ಟು ಬಂದೆ, ಏನನ್ನೂ ಹೊತ್ತುಕೊಂಡು ಬರಲಿಲ್ಲ.

“ಅಮ್ಮಾ, ಪ್ಲೀಸ್, ಡೋಂಟ್ ಟಾಕ್” ಎಂದಳು ಮಗಳು. ನನ್ನ ಸೀರೆ ನೋಡಿಯೇ ಅವಳ ಮುಖ ಇಷ್ಟು ಸಣ್ಣದಾಗಿತ್ತು. ಉಳಿದವರಲ್ಲಿ ಒಬ್ಬಳಾಗಿ ಕಾಣಬೇಕೆನ್ನುವುದೊಂದೇ ಅವಳ ಆಸೆ. ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕೂತೆ.

ಟೀಚರು ಒಳ್ಳೆಯವರೇ. ಆ ಜನ ಮುಸುಕಿನ ಜೋಳ ಬೆಳೆಯುತ್ತಿದ್ದರು, ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದರು, ನೆಲ ಯಾರೊಬ್ಬರದೂ ಆಗಿರಲಿಲ್ಲ ಎಂದು ಅಕ್ಕರೆಯಿಂದ ವಿವರಿಸಿದರು. “ಆಮೇಲೆ ನಾವು ಬಂದೆವು” ಎಂದರು, ಬಸ್ಸು ಬಂತು ಎನ್ನುವ ಧಾಟಿಯಲ್ಲಿ. ಬಂದ ಡಚ್ಚರು ಒಂದಿಷ್ಟು ಮಣಿ ಕೊಟ್ಟು ಒಂದು ದ್ವೀಪವನ್ನೇ ಕೊಂಡರಂತೆ. ಎಂಥಾ ಧಾರಾಳ!

ಈಗ ಅದೇ ಆಟ. ಕಾರ್ಪೆಟ್ಟೇ ದ್ವೀಪ, ಅದರ ಮೇಲೆ ಗರಿ ತೊಟ್ಟ ನನ್ನ ಮಗಳು. ಕಾಗದದ ಟೋಪಿಯ ಹುಡುಗನೊಬ್ಬ ಕ್ಯಾಪ್ಟನ್. ಇವಳು ನಗುನಗುತ್ತಾ ನೆಲ ಬಿಟ್ಟುಕೊಡುವುದನ್ನು ನಾನು ಕೂತು ನೋಡಬೇಕಲ್ಲ!

ಅವನು ಮಣಿಸರ ಕೊಟ್ಟ. ಇವಳು ಹಾಕಿಕೊಂಡು, ಪಕ್ಕಕ್ಕೆ ಸರಿದು, ಖಾಲಿಯಾದ ಜಾಗವನ್ನು ಕೈಯಿಂದ ತಟ್ಟಿ ಕೂರು ಎಂದಳು. ನನಗೆ ಗುರುತು ಸಿಕ್ಕಿತು. ಪ್ರತಿ ಬೇಸಿಗೆ ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಯಾರಾದರೊಬ್ಬರು “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ” ಎಂದು ಬಂದಾಗ ನಾವು ಹೀಗೇ ಸರಿಯುತ್ತೇವೆ. ಬಂದವರು ಪೇರಲಹಣ್ಣು ಕೊಟ್ಟರೆ ತಿನ್ನುತ್ತೇವೆ. ಹಣ್ಣು ತಿಂದೆವೆಂದು ಯಾರೂ ಸೀಟು ಬಿಟ್ಟು ಏಳುವುದಿಲ್ಲ.

“ನೀನು ಏಳು, ಇದು ಈಗ ನನ್ನದು” ಎಂದ ಕ್ಯಾಪ್ಟನ್.

“ಯಾಕೆ? ನಿನಗೂ ಜಾಗ ಇದೆಯಲ್ಲ?” ಅವಳು ನಾಟಕವಾಡುತ್ತಿರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದಳು.

“ಚಿನ್ನಾ, ನೀನು ಎದ್ದರೆ ತಾನೇ ಕಥೆ ಮುಂದಕ್ಕೆ ಹೋಗುವುದು” ಎಂದರು ಟೀಚರು. ಮಕ್ಕಳೆಲ್ಲ ಅವಳನ್ನೇ ನೋಡಿದರು. ಅವಳು ಕಾರ್ಪೆಟ್ಟಿನ ಅಂಚು ಹಿಡಿದುಕೊಂಡಳು, ಏಳಲಿಲ್ಲ. ಟೀಚರು ನನ್ನತ್ತ ತಿರುಗಿ, “ನಿಮ್ಮ ಭಾಷೆಯಲ್ಲಿ ನೀವೇ ಸ್ವಲ್ಪ ಹೇಳಿ, ಪ್ಲೀಸ್” ಎಂದರು.

ಮಗಳು ನನ್ನ ಮುಖ ನೋಡಿದಳು. ಮಾತಾಡಬೇಡ ಎಂದಿದ್ದವಳೇ ಈಗ ಮಾತಿಗಾಗಿ ಕಾಯುತ್ತಿದ್ದಳು.

“ಕೂತ್ಕೋ ಪುಟ್ಟಿ. ಏಳ್ಬೇಡ.”

“ಥ್ಯಾಂಕ್ಯೂ” ಎಂದರು ಟೀಚರು. ಮಗಳು ಕಣ್ಣೊರೆಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.