ಬಾಗಿಲಿನಿಂದ ಕಲಿತ ಕೋನಗಳು

ಇವತ್ತು ಫೋನಿನಲ್ಲಿ ಆಫೀಸಿನವರೊಬ್ಬರನ್ನು ಜೋರಾಗಿ ಬೈದು ಕೂತಿದ್ದೆ. ಮಗಳು ಮೆಲ್ಲಗೆ ಎದ್ದು ಹೋಗಿ ಮುಂಬಾಗಿಲನ್ನು ನಾಲ್ಕು ಬೆರಳಷ್ಟೇ ತೆರೆದಿಟ್ಟು ಬಂದಳು. ಆ ಕೋನ ನನಗೆ ಗೊತ್ತಿತ್ತು.

ಚಿಕ್ಕಂದಿನಲ್ಲಿ, ಸದಾಶಿವ ಪೇಠದಲ್ಲಿ ಹಲವು ಸಂಸಾರಗಳಿದ್ದ ಹಳೇ ವಾಡೆಯೊಂದರ ಮಾಳಿಗೆಯಲ್ಲಿ ನಮ್ಮವು ಎರಡೇ ಖೋಲಿ. ಅಪ್ಪನ ಸಿಟ್ಟಿಗೆ ಎಲ್ಲರೂ ಹೆದರುತ್ತಿದ್ದ ಆ ಮನೆಯಲ್ಲಿ ನನಗೆ ರೇಖಾಗಣಿತ ಕಲಿಸಿದವಳು ಅಕ್ಕ, ಅದೂ ನನಗಾಗಿ ಅವಳೇ ತೆರೆದಿಡುತ್ತಿದ್ದ ಬಾಗಿಲು ತೋರಿಸಿ.

"ಹೊಸ್ತಿಲ ಒಂದು ಗೆರಿ, ಬಾಗಲಾ ಇನ್ನೊಂದು ಗೆರಿ. ಬಿಜಾಗರಿ ಇದ್ದಲ್ಲೆ ಎರಡೂ ಕೂಡ್ತಾವ. ಸ್ವಲ್ಪೇ ತೆರದಿತ್ತಂದ್ರ ಲಘುಕೋನ. ಅಪ್ಪಾ ಸಿಟ್ಟಿನಾಗ ಇದ್ದಾರ, ಚಪ್ಪಲ್ ಕೈಯಾಗ ಹಿಡಕೊಂಡು ಬಾ. ನೆಟ್ಟಗ ಒಳಗ ಚಾಚಿತ್ತಂದ್ರ ಲಂಬಕೋನ. ಅಪ್ಪಾ ಶಾಂತ ಇದ್ದಾರ, ಸುಮ್ಮನ ಬಾ. ಇನ್ನೂ ಆಚೆ ಗ್ವಾಡಿ ಕಡೆ ಹೋಗಿತ್ತಂದ್ರ ವಿಶಾಲಕೋನ. ಅಪ್ಪಾ ಮನ್ಯಾಗಿಲ್ಲ, ಕುಣಕೋತ ಬಾ."

ನಾನು ಗಣಿತದಲ್ಲಿ ನಪಾಸಾದಾಗ ಉತ್ತರಪತ್ರಿಕೆಗೆ ಅಪ್ಪನ ಸಹಿಯನ್ನು ಅಕ್ಕನೇ ಹಾಕಿಕೊಟ್ಟಳು. ಮರುದಿನ ಶಾಲೆಯಿಂದ ಬಂದರೆ ಬಾಗಿಲು ಪೂರ್ತಿ ಮುಚ್ಚಿತ್ತು. ಆ ಕೋನವನ್ನು ಅವಳು ನನಗೆ ಹೇಳಿಕೊಟ್ಟಿರಲಿಲ್ಲ. ಒಳಗೆ ಅಪ್ಪನ ದನಿ ಕೇಳಿಸಿತು: "ನನ್ನ ಸಹಿ ಮಾಡೂವಷ್ಟು ದೊಡ್ಡಾಕಿ ಆದಿಯೇನು?" ಆಮೇಲೆ ಬೆತ್ತದ ಸದ್ದು. ತಪ್ಪು ನನ್ನದೆಂದು ಹೇಳಲು ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತೇ ಇದ್ದೆ.

ಕೋಥರೂಡದ ಈ ಫ್ಲ್ಯಾಟಿನಲ್ಲಿ ನನ್ನ ಮಗಳಿಗೆ ಆ ಪಾಠವನ್ನು ಯಾರೂ ಹೇಳಿಕೊಟ್ಟಿಲ್ಲ. ಟ್ಯೂಷನ್ ಮುಗಿಸಿ ಮೆಟ್ಟಿಲು ಹತ್ತಿ ಓಡಿಬಂದ ಅವಳ ತಮ್ಮನ ಹೆಜ್ಜೆಗಳು ಬಾಗಿಲ ಹೊರಗೆ ಗಕ್ಕನೆ ನಿಂತವು. ಸ್ವಲ್ಪ ಹೊತ್ತಿಗೆ ಅವನು ಸದ್ದಿಲ್ಲದೆ ಒಳಗೆ ಬಂದ.

ಚಪ್ಪಲಿ ಅವನ ಕೈಯಲ್ಲಿತ್ತು.