ಅರ್ಜಿ ಮಿಸ್ ಕೂತಿದ್ದ ಮೂಲೆ

ಹಾಜರಿ ಪುಸ್ತಕದ ಪ್ರಕಾರ ನಮ್ಮ ಅತ್ತಿಗೆ ಭೂಗೋಳದ ಟೀಚರು. ಮಕ್ಕಳ ಬಾಯಲ್ಲಿ ಅರ್ಜಿ ಮಿಸ್. ನದಿ, ಪರ್ವತ, ಮಾರುತಗಳೆಲ್ಲ ಕೊನೆಯ ಗಂಟೆ ಹೊಡೆಯುವಷ್ಟರಲ್ಲಿ ತಂತಮ್ಮ ಜಾಗ ಸೇರಿಬಿಡುತ್ತವೆ. ಅರ್ಜಿ ಶುರುವಾಗುವುದು ಆಮೇಲೆ. ಸಾವಿರಾರು ಜನ ಕದ ತಟ್ಟಿದರೆ ನಾಲ್ಕಾರು ಜನರಿಗೆ ತೆರೆಯುವ ವಿಶ್ವವಿದ್ಯಾಲಯಗಳಿವೆಯಲ್ಲ, ಅವಕ್ಕೆ ಸರ್ಕಾರಿ ಶಾಲೆಯ ಮಕ್ಕಳಿಂದ ಅರ್ಜಿ ಹಾಕಿಸುವುದು ಅವರು ತಾವಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ಸಂಬಳವಿಲ್ಲ, ಭತ್ಯೆಯಿಲ್ಲ, ಮನೆಗೆ ಬಂದರೆ ಅಣ್ಣನ ಗೊಣಗಾಟ ಮಾತ್ರ ಉಚಿತ.

"ಅರ್ಜಿ ನಿಮ್ಮದು, ಮರ್ಜಿ ಅವರದು. ಯಾಕೆ ಅತ್ತಿಗೆ ಈ ಒದ್ದಾಟ?" ಎಂದು ನಾನು ಕಾಲೆಳೆಯುತ್ತಿದ್ದೆ.

"ಮರ್ಜಿ ಅವರದೇ ಇರಲಿ ಬಿಡಯ್ಯ. ಅರ್ಜಿನಾದ್ರೂ ನೆಟ್ಟಗಿರಲಿ," ಎನ್ನುತ್ತಿದ್ದರು.

ಮುಖ್ಯೋಪಾಧ್ಯಾಯರದು ಇನ್ನೊಂದು ರಾಗ. ಬಸ್ಸು ಹತ್ತುವುದಕ್ಕೇ ಪಾಸಿಲ್ಲದ ಮಕ್ಕಳಿಗೆ ಮೇಡಂ ವಿಮಾನ ತೋರಿಸುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದ್ದರಂತೆ. ಅತ್ತಿಗೆ ನಕ್ಕು, ವಿಮಾನ ನೋಡುವುದಕ್ಕೆ ಟಿಕೆಟ್ ಬೇಡ ಸಾರ್ ಎಂದು ಕಂಪ್ಯೂಟರ್ ಕೋಣೆಯ ಬೀಗದ ಕೈ ಇಸಿದುಕೊಂಡು ಹೋಗಿದ್ದರು. ಆ ಕೋಣೆಯಲ್ಲಿ ಕಂಪ್ಯೂಟರುಗಳು ಸಾಲಾಗಿದ್ದವು. ಬದುಕಿದ್ದವು ಎರಡು.

ಅವರ ಪಾಠದ ಕ್ರಮವೇ ಬೇರೆ. ಮಕ್ಕಳು ಮೊದಲು ಬರೆದು ತರುವುದು ಒಂದೇ ಮಾದರಿ. ಬಾಲ್ಯದಿಂದಲೂ ವಿಜ್ಞಾನವೇ ನನ್ನ ಉಸಿರು, ದೇಶಸೇವೆಯೇ ನನ್ನ ಗುರಿ. "ಉಸಿರಾಡೋದು ಎಲ್ರೂ ಮಾಡ್ತಾರೆ. ನೀನು ಇನ್ನೇನು ಮಾಡ್ತೀಯ ಅದನ್ನ ಹೇಳು," ಎಂದು ಹಾಳೆಯನ್ನು ಮಗುಚಿ ಇಡುತ್ತಿದ್ದರು. ಆಮೇಲೆ ಬಾಯಿ ಮುಚ್ಚಿ ಕೂತುಬಿಡುತ್ತಿದ್ದರು. ಮಗು ಏನೋ ತೊದಲಬೇಕು, ಇವರು ಗದ್ದ ಎದೆಗೆ ತಾಗುವಂತೆ ತಲೆಯಾಡಿಸಬೇಕು. ಮಗು ಇನ್ನೊಂದು ಮಾತು ಮುಂದಿಡಬೇಕು, ಇವರು ಮತ್ತೆ ತಲೆಯಾಡಿಸಬೇಕು. ಕೈಹಿಡಿದು ಹೊಳೆ ದಾಟಿಸಿದ ಹಾಗೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಅದು ಬೇಕಿತ್ತು. ಟೀಚರ ಮುಖ ನೋಡದೆ ಎರಡನೆಯ ವಾಕ್ಯಕ್ಕೆ ಹೋದ ಮಗುವನ್ನು ಅಲ್ಲಿ ಅಧಿಕಪ್ರಸಂಗಿ ಎನ್ನುತ್ತಾರೆ. ನನ್ನನ್ನು ಓದಿಸಿದ ಕಾನ್ವೆಂಟಿನ ಸಿಸ್ಟರುಗಳು ಗಲ್ಲ ಹಿಡಿದೆತ್ತಿ, ಕೇಳಿದವರ ಕಣ್ಣು ನೋಡಿ ಹೇಳು ಎನ್ನುತ್ತಿದ್ದರು. ಗಲ್ಲ ನೋಯುತ್ತಿತ್ತು, ಅಭ್ಯಾಸ ಮಾತ್ರ ಉಳಿಯಿತು. ಅದಕ್ಕೇ ಅತ್ತಿಗೆ ಅಣಕು ಸಂದರ್ಶನಗಳಿಗೆ ನನ್ನನ್ನು ಪ್ರಶ್ನೆ ಕೇಳಲು ಕರೆಯುತ್ತಿದ್ದರು. ನಾನು ಕೇಳಿದ್ದಕ್ಕೆ ಮಕ್ಕಳು ಅತ್ತಿಗೆಯನ್ನು ನೋಡಿಕೊಂಡು ಉತ್ತರ ಹೇಳುತ್ತಿದ್ದರು. ನಾನು ಅಲ್ಲಿ ರೇಡಿಯೋ ಇದ್ದ ಹಾಗೆ.

ಹಲವು ವರ್ಷ ಹೀಗೇ ನಡೆಯಿತು. ನಾಲ್ಕೈದು ಮಕ್ಕಳು ಒಳ್ಳೊಳ್ಳೆಯ ಕಾಲೇಜು ಸೇರಿದರು. ಅತಿ ದೊಡ್ಡವು ಎನ್ನುವಲ್ಲಿಗೆ ಮಾತ್ರ ಒಬ್ಬರೂ ಹೋಗಿರಲಿಲ್ಲ. ಆಗ ಬಂದವಳು ಬೀಗದವನ ಮಗಳು.

ಅವಳಪ್ಪನದು ಮಾರ್ಕೆಟ್ಟಿನ ತಿರುವಿನಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ. ಹಲ್ಲು ಕೊರೆಯದ ಕೀಲಿಗಳು ಮೊಳೆಗಳಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಮಡಿಲಲ್ಲಿ ಅರ, ಮೂಗಿನ ತುದಿಯಲ್ಲಿ ಕನ್ನಡಕ. ಮಗಳು ವಯಸ್ಸಿಗೆ ಬಂದಳು, ಬೀಗರನ್ನು ನೋಡು ಎಂದು ಅಜ್ಜಿ ಹೇಳಿದರೆ, ನಾನು ದಿನವೆಲ್ಲ ನೋಡುವುದು ಬೀಗಾನೇ ಅಲ್ಲವೇನಮ್ಮ ಎನ್ನುತ್ತಿದ್ದನಂತೆ. ಈ ಒಂದು ಮಾತಿಗೆ ನಾನು ಅವನ ಅಭಿಮಾನಿಯಾದೆ.

ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ. ವ್ಯಾಯಾಮದ ಮೇಷ್ಟ್ರೇ ಲೆಕ್ಕದ ತರಗತಿಗೂ ಹೋಗುತ್ತಿದ್ದರು. ಅವರಿಗೆ ಗೊತ್ತಿದ್ದ ಲೆಕ್ಕ ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಹುಡುಗಿ ಹಳೆಯ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ತಾನೇ ಕಲಿತಿದ್ದಳು. ಅವಳ ಮೊದಲ ಹಾಳೆಯಲ್ಲೂ ಗಣಿತವೇ ಉಸಿರಾಗಿತ್ತು. ಅತ್ತಿಗೆ ಮಗುಚಿ ಇಟ್ಟರು, ಸುಮ್ಮನೆ ಕೂತರು. ಬಹಳ ಹೊತ್ತಾದ ಮೇಲೆ ಹುಡುಗಿ ಒಂದು ಸಂಗತಿ ಹೇಳಿದಳು. ಒಮ್ಮೆ ಅಪ್ಪ ಒಬ್ಬರಿಗೆ ಮಾಡಿಕೊಟ್ಟ ಕೀಲಿ ಅಪರಿಚಿತರ ಬೀಗವೊಂದಕ್ಕೂ ಸಲೀಸಾಗಿ ತಿರುಗಿತ್ತು. ಜನ ಕಳ್ಳತನದ ಮಾತಾಡಿದರು. ಅಪ್ಪ ಊಟ ಬಿಟ್ಟ. ಇಷ್ಟು ಹಲ್ಲು, ಇಷ್ಟು ಆಳ ಅಂದರೆ ಒಟ್ಟು ಎಷ್ಟು ಬಗೆಯ ಕೀಲಿ ಸಾಧ್ಯ, ಪೇಟೆಯಲ್ಲಿ ಇಷ್ಟು ಮನೆ ಇದ್ದರೆ ಎರಡು ಬೀಗ ಒಂದೇ ಆಗುವುದು ಎಷ್ಟು ಸಹಜ ಎಂದು ಅವಳು ಲೆಕ್ಕ ಹಾಕಿ, ಬೈಯಲು ಬಂದವರ ಮುಂದೆಯೇ ಓದಿ ಹೇಳಿದ್ದಳು. ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ಎದ್ದುಹೋದರು.

"ಇದನ್ನೇ ಬರಿ," ಎಂದರು ಅತ್ತಿಗೆ.

ಬರೆದಳು. ಅರ್ಜಿ ಹೋಯಿತು. ಸಂದರ್ಶನಕ್ಕೆ ಕರೆ ಬಂತು. ಶಾಲೆ ಹುಟ್ಟಿದಂದಿನಿಂದ ಅಂಥ ಕರೆ ಬಂದಿರಲಿಲ್ಲ. ಅಂಗಡಿಯಲ್ಲಿ ಬೀಗದವನು ಬೀಗಿದ. ಗಿರಾಕಿಗಳ ಕೀಲಿ ಕೊಡುವುದಕ್ಕೂ ಮೊದಲು ಸುದ್ದಿ ಕೊಡುತ್ತಿದ್ದ. ಆಯ್ಕೆಯಾದರೆ ಫೀಸಿಲ್ಲದ ಸೀಟು, ಹಾಸ್ಟೆಲು, ಊಟ ಎಲ್ಲ ವಿಶ್ವವಿದ್ಯಾಲಯದ್ದೇ. ಆದರೆ ಆ ಸೀಟು ಶಾಲೆಯ ಕೊನೆಯ ವರ್ಷದಲ್ಲಿರುವವರಿಗೆ ಮಾತ್ರ. ಈ ಸಲ ತಪ್ಪಿದರೆ ತಪ್ಪಿದ ಹಾಗೇ.

ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ. ಹುಡುಗಿಯ ಮನೆಯಲ್ಲಿ ಅದಿಲ್ಲದ್ದರಿಂದ ಶಾಲೆಯ ಕೋಣೆಯೇ ಗತಿ. ಅಭ್ಯರ್ಥಿಯ ಹೊರತು ಕೋಣೆಯಲ್ಲಿ ಯಾರೂ ಇರಕೂಡದು ಎಂದು ವಿಶ್ವವಿದ್ಯಾಲಯದವರು ಮೊದಲೇ ತಿಳಿಸಿದ್ದರು. ಅತ್ತಿಗೆ ಅದನ್ನು ಓದಿದ್ದರು. ಓದಿ, ತಮಗೆ ಗೊತ್ತಿದ್ದ ಹಾಗೆ ನಡೆದುಕೊಂಡರು. ಅರ್ಧ ಆಯಸ್ಸನ್ನು ಪರೀಕ್ಷಾ ಕೊಠಡಿಗಳಲ್ಲಿ ಕಾವಲು ಕೂತು ಕಳೆದವರು ಅವರು. ಕೊಠಡಿಯಲ್ಲಿ ಟೀಚರು ಇಲ್ಲವೆಂದರೆ ಒಳಗೆ ಕಾಪಿ ನಡೆಯುತ್ತಿದೆ ಎಂದೇ ನಮ್ಮ ಶಾಲೆಗಳಲ್ಲಿ ತೀರ್ಮಾನ. ಟೀಚರು ಕೂತಿದ್ದರೆ ಅದೇ ಪ್ರಾಮಾಣಿಕತೆಯ ಮುದ್ರೆ. ಮಗುವನ್ನು ಒಂಟಿಯಾಗಿ ಬಿಟ್ಟರೆ, ಯಾರೂ ಹೇಳಿಕೊಡಲಿಲ್ಲ ಎಂದು ನಾಳೆ ಸಾಕ್ಷಿ ಹೇಳುವವರು ಯಾರು? ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ತಿದ್ದಲು ಒಂದಿಷ್ಟು ಉತ್ತರಪತ್ರಿಕೆ ಇಟ್ಟುಕೊಂಡು, ತುಟಿ ಬಿಚ್ಚುವುದಿಲ್ಲವೆಂದು ನಿಶ್ಚಯಿಸಿ ಕೂತರು.

ತುಟಿ ಬಿಚ್ಚಲೂ ಇಲ್ಲ.

ಅಂದು ನಡೆದದ್ದನ್ನು ಅತ್ತಿಗೆ ಸಂಜೆಯೇ ಖುಷಿಯಲ್ಲಿ ನನಗೆ ವರದಿ ಮಾಡಿದ್ದರು. ಪರದೆಯ ಮೇಲೆ ಇಬ್ಬರು, ವಯಸ್ಸಾದ ಪ್ರೊಫೆಸರಮ್ಮ ಮತ್ತು ಒಬ್ಬ ತರುಣ. ಕೀಲಿಯ ಲೆಕ್ಕವನ್ನೇ ಮುಂದುವರಿಸಿ ಕೇಳಿದರು: ಅಕ್ಕಪಕ್ಕದ ಎರಡು ಹಲ್ಲುಗಳ ನಡುವೆ ತೀರಾ ಎತ್ತರ ತಗ್ಗು ಇದ್ದರೆ ಕೀಲಿ ಸಿಕ್ಕಿಕೊಳ್ಳುತ್ತದೆ, ಅಂಥವನ್ನು ಬಿಟ್ಟರೆ ಎಷ್ಟು ಉಳಿಯುತ್ತವೆ? ಹುಡುಗಿ ಹಾಳೆಯ ಮೇಲೆ ಗೀಚುತ್ತ ಹಂತಹಂತವಾಗಿ ಹೇಳುತ್ತ ಹೋದಳು. ಒಂದು ಹಂತ, ಒಮ್ಮೆ ಮೂಲೆಯ ಕಡೆ ನೋಟ. ಇನ್ನೊಂದು ಹಂತ, ಮತ್ತೆ ಮೂಲೆಯ ಕಡೆ. ಅತ್ತಿಗೆಯ ತಲೆ ತನ್ನ ಪಾಡಿಗೆ ತಾನು ಆಡುತ್ತಿತ್ತು. ಪ್ರೊಫೆಸರಮ್ಮ ಮೆಲ್ಲನೆ ಕೇಳಿದರು, ಅಲ್ಲಿ ಯಾರಾದರೂ ಇದ್ದಾರೇನಮ್ಮ ಎಂದು.

"ಇದ್ದಾರೆ ಮೇಡಂ, ನಮ್ಮ ಮಿಸ್. ಇಲ್ಲೇ ಕೂತಿದ್ದಾರೆ," ಎಂದಳು ಹುಡುಗಿ, ಕೇಳಿದ್ದೇ ಸಂತೋಷವೆಂಬಂತೆ. ಅತ್ತಿಗೆ ಎದ್ದು ಬಂದು ಪರದೆಗೆ ಕೈಮುಗಿದರು. ಆ ಇಬ್ಬರೂ ಮುಗುಳ್ನಕ್ಕು, ಇಷ್ಟು ಸಾಕು, ಧನ್ಯವಾದ ಎಂದರು. ಇವರು ಹೊರಗೆ ಬಂದು ಐಸ್‌ಕ್ರೀಂ ತಿಂದರು.

ಉತ್ತರ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿ ನಿಂತೇ ಫೋನಿನಲ್ಲಿ ಓದಿದರು. ಸಂದರ್ಶನದ ವೇಳೆ ಇನ್ನೊಬ್ಬರು ಹಾಜರಿದ್ದು ಅಭ್ಯರ್ಥಿಗೆ ಸೂಚನೆ ನೀಡುತ್ತಿದ್ದಂತೆ ಕಂಡುಬಂದದ್ದರಿಂದ ಅರ್ಜಿಯನ್ನು ಮುಂದಕ್ಕೆ ಪರಿಗಣಿಸಲಾಗುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಅಣ್ಣ ಬಸ್ ಡಿಪೋದ ಮೆಕ್ಯಾನಿಕ್ಕು, ಗೊಣಗುವುದು ಬಿಟ್ಟರೆ ಮಾತು ಕಡಿಮೆ. ಓಡಿಬಂದು ಒಲೆ ಆರಿಸಿ, ಓದಿ, ಬಟ್ಟೆ ತಂದು ಹಾಲು ಒರೆಸತೊಡಗಿದ.

ಒರೆಸಿ ಮುಗಿಸಿದ ಮೇಲೆ ಅಣ್ಣನೇ ಕೇಳಿದ, "ಅಲ್ವೇ, ಅವಳು ಹೇಳ್ತಿದ್ದ ಲೆಕ್ಕ ನಿನಗೆ ಅರ್ಥ ಆಗ್ತಿತ್ತಾ?"

"ಒಂದಕ್ಷರನೂ ಇಲ್ಲ."

"ಮತ್ತೆ ಹಾಗಂತ ಅವರಿಗೆ ಬರಿ. ತಿಳೀದೇ ಇರೋಳು ಏನು ಹೇಳಿಕೊಟ್ಟಾಳು?"

ಸರಿಯಾದ ಮಾತೇ. ಆದರೆ ಬರೆಯುವ ಮೊದಲು ಆ ಹುಡುಗಿಗೆ ಹೇಳಬೇಕಾಗಿತ್ತು. ವರ್ಷವಿಡೀ ಅವಳು ಆ ತಲೆಯಾಟವನ್ನು ನಂಬಿ ಒಂದೊಂದೇ ಹಂತ ದಾಟಿದ್ದಳು. ಅತ್ತಿಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದರು. ಹುಡುಗಿಯೂ ಅಲ್ಲೇ ಇದ್ದಳು. ಬೀಗದವನು ಎದ್ದು ತನ್ನ ಸ್ಟೂಲು ಕೊಟ್ಟ. ಅತ್ತಿಗೆ ಕೂರಲಿಲ್ಲ. ಸೀಟು ಹೋದದ್ದನ್ನು ಹೇಳಿದರು, ಯಾಕೆ ಹೋಯಿತೆಂದು ಹೇಳಿದರು, ತಪ್ಪು ತಮ್ಮದೆಂದರು. ಬೀಗದವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಟೀಚರಮ್ಮ, ಮಗಳನ್ನ ಒಬ್ಬಳನ್ನೇ ಬಿಟ್ಟು ಹೋಗಬೇಡಿ ಅಂತ ನಿಮಗೆ ಹೇಳಿದ್ದೇ ನಾನು," ಎಂದ.

ಅವನು ಹೇಳಿರಲಿಲ್ಲ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಹುಡುಗಿ ಕೇಳಿದ್ದು ಬೇರೆ. "ನಾನು ಹೇಳಿದ್ದು ಸರಿ ಇತ್ತಾ ಮಿಸ್?"

"ಗೊತ್ತಿಲ್ಲ ಪುಟ್ಟಿ. ನಂಗೆ ನಿನ್ನ ಲೆಕ್ಕ ಅರ್ಥ ಆಗಲ್ಲ. ಯಾವತ್ತೂ ಆಗ್ಲಿಲ್ಲ."

"ಮತ್ತೆ ತಲೆ ಆಡಿಸ್ತಿದ್ರಲ್ಲ."

"ನಿಲ್ಲಿಸದೆ ಹೇಳ್ತಿದ್ದೀಯಲ್ಲ ಅಂತ. ಧೈರ್ಯವಾಗಿ ಹೇಳ್ತಿದ್ದೀಯ ಅಂತ."

ಗಿರಾಕಿಯೊಬ್ಬ ಬಂದು ಬೈಕಿನ ಕೀಲಿ ಕಳೆದಿದೆ ಎಂದ. ಹುಡುಗಿಯೇ ಮೊಳೆಯಿಂದ ಒಂದು ಕೀಲಿ ಆರಿಸಿ ಅಪ್ಪನ ಕೈಗಿಟ್ಟಳು.

ಅತ್ತಿಗೆ ಬರೆದರು, ಕಳಿಸುವ ಮೊದಲು ಹುಡುಗಿಗೂ ತೋರಿಸಿದರು. ಭೂಗೋಳದವಳು ನಾನು, ಲೆಕ್ಕ ಬಾರದು, ಬೇಕಾದರೆ ನನ್ನನ್ನೇ ಪರೀಕ್ಷಿಸಿ, ಮಗುವನ್ನು ಇನ್ನೊಮ್ಮೆ ಕೇಳಿ. ಕೊನೆಯಲ್ಲಿ ಒಂದು ಮಾತು ಸೇರಿಸಿದರು: ಸೀಟು ಕೊಡಲಾಗದಿದ್ದರೂ ಚಿಂತೆಯಿಲ್ಲ, ಅವಳ ಉತ್ತರ ಸರಿಯಿತ್ತೇ ಎಂಬುದನ್ನಾದರೂ ತಿಳಿಸಿ. ಸೀಟಿನ ಬಗ್ಗೆ ಚಿಂತೆಯಿಲ್ಲ ಎಂಬುದು ಅವರು ಆ ಪತ್ರದಲ್ಲಿ ಬರೆದ ಒಂದೇ ಸುಳ್ಳು.

ಬಂದ ಉತ್ತರ ಬಹಳ ಸಭ್ಯವಾಗಿತ್ತು. ಯಾರ ಪ್ರಾಮಾಣಿಕತೆಯ ಬಗ್ಗೆಯೂ ಅನುಮಾನವಿಲ್ಲ, ಆದರೆ ನಿಯಮ ಎಲ್ಲರಿಗೂ ಒಂದೇ. ಮೌಲ್ಯಮಾಪನದ ವಿವರಗಳನ್ನು ಬಹಿರಂಗಪಡಿಸುವ ಪದ್ಧತಿ ತಮ್ಮಲ್ಲಿಲ್ಲ.

ಹುಡುಗಿ ಪೇಟೆಯ ಕಾಲೇಜಿಗೇ ಸೇರಿದಳು. ಅಲ್ಲಿ ಗಣಿತದ ವಿಭಾಗವಿರಲಿಲ್ಲ, ವಾಣಿಜ್ಯ ತೆಗೆದುಕೊಂಡಳು. ಅತ್ತಿಗೆ ಆ ಅಂಗಡಿಯ ದಾರಿ ಬಿಟ್ಟು ಸುತ್ತು ಬಳಸಿ ಶಾಲೆಗೆ ಹೋಗತೊಡಗಿದರು. ಹೊಸ ವರ್ಷದ ಮಕ್ಕಳು ಅರ್ಜಿ ಹಿಡಿದು ಬಂದಾಗ, ಬೇರೆ ಯಾರನ್ನಾದರೂ ಕೇಳಿ ಎಂದರು. ಬೇರೆ ಯಾರೂ ಇರಲಿಲ್ಲ. ಮುಖ್ಯೋಪಾಧ್ಯಾಯರೂ ಈ ಸಲ ನಗಲಿಲ್ಲ. ಸುಮ್ಮನೆ ಅತ್ತಿಗೆಯ ಮೇಜಿನ ಮೇಲೆ ಚಹಾ ಇರಿಸಿ ಹೋದರಂತೆ. ಅದೇ ಹೆಚ್ಚು ನೋಯಿಸಿತು ಎಂದು ಅತ್ತಿಗೆ ಹೇಳುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ, ನಾನೂ ಅಲ್ಲಿದ್ದೆ, ಹುಡುಗಿ ಮನೆಗೇ ಬಂದಳು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು, ನಿಮ್ಮ ಪತ್ರಕ್ಕೆ ಏನಾದರೂ ಬಂತಾ ಎಂದಳು. ಸೀಟಿನದಲ್ಲ, ಕೊನೆಯಲ್ಲಿ ಕೇಳಿದಿರಲ್ಲ, ಅದಕ್ಕೆ. ಅತ್ತಿಗೆ ನನ್ನ ಮುಖ ನೋಡಿದರು. ಸರಿ ಇತ್ತು ಎಂದು ಬರೆದಿದ್ದಾರೆ ಅಂದುಬಿಡಿ ಅತ್ತಿಗೆ, ನಷ್ಟವೇನು ಎಂದು ನನ್ನ ಕಣ್ಣು ಹೇಳುತ್ತಿತ್ತು.

"ಅದಕ್ಕೆ ಏನೂ ಬರೆದಿಲ್ಲ ಪುಟ್ಟಿ," ಎಂದರು ಅತ್ತಿಗೆ.

ಹುಡುಗಿ ಇನ್ನು ಹೊರಟಳು ಎಂದುಕೊಂಡೆ. ಒಳಗೆ ಬಂದು ಊಟದ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು, ಅಲ್ಲಿದ್ದ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಒಂದು ಕೀಲಿ ಬರೆದಳು. ಅದಕ್ಕೆ ಹಲ್ಲು ಬರೆದಳು. ಆ ದಿನದ ಪ್ರಶ್ನೆಯನ್ನು ಮೊದಲಿನಿಂದ ಹೇಳತೊಡಗಿದಳು. ಈ ಹಲ್ಲು ಇಷ್ಟು ಆಳ ಇದ್ದರೆ ಪಕ್ಕದ್ದು ಇಷ್ಟೇ ಇರಬಹುದು, ಹಾಗಾದರೆ ಅದರ ಪಕ್ಕದ್ದು. ಅತ್ತಿಗೆ ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬಾಗಿದರು. ಕತ್ತು ಒಂದಿಷ್ಟೂ ಅಲುಗದಂತೆ ಬಿಗಿಹಿಡಿದಿದ್ದರು. ಮೂರನೆಯ ಹಲ್ಲಿಗೆ ಬರುವಷ್ಟರಲ್ಲಿ ನನಗೆ ದಾರಿ ತಪ್ಪಿತ್ತು. ಹುಡುಗಿ ಕೊನೆ ಮುಟ್ಟಿದಳು, ಸಂಖ್ಯೆಯೊಂದನ್ನು ಬರೆದು ಸುತ್ತ ಗೆರೆ ಎಳೆದಳು. ಪೆನ್ನು ಕೆಳಗಿಟ್ಟಳು.

"ಅರ್ಥ ಆಯ್ತಾ ಮಿಸ್?"

"ಇಲ್ಲ," ಎಂದರು ಅತ್ತಿಗೆ. "ಎರಡನೇ ಹಲ್ಲಿನವರೆಗೆ ಆಯ್ತು. ಅಲ್ಲಿಂದ ಇನ್ನೊಂದ್ಸಲ ಹೇಳು."

ಹುಡುಗಿ ಹಾಳೆಯನ್ನು ಅವರ ಕಡೆಗೆ ಇನ್ನಷ್ಟು ತಿರುಗಿಸಿ, ಎರಡನೆಯ ಹಲ್ಲಿನಿಂದ ಮತ್ತೆ ಶುರು ಮಾಡಿದಳು.