ಹಾಳೆಗೆ ನೀರಡಿಸಿತ್ತು

ಹೋದ ವರ್ಷದ ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಒಂದು ಸಣ್ಣ ಪೊಟ್ಟಣ ಕುಸುರೆಳ್ಳು ಇನ್ನೂ ನನ್ನ ಊಟದ ಚೀಲದಲ್ಲೇ ಇತ್ತು. ಹಬ್ಬಕ್ಕೆ ಯಾರಿಗಾದರೂ ಕೊಡೋಣವೆಂದು ತಂದದ್ದು, ಕೊಡುವಂಥವರು ಯಾರೂ ಸಿಕ್ಕಿರಲಿಲ್ಲ.

ನನ್ನ ಕೆಲಸ ಕಿತ್ತೂರಿನ ಹತ್ತಿರ ಹೈವೇ ಪಕ್ಕದ ಒಂದು ಬೆಲ್ಲದ ಪುಡಿ ಫ್ಯಾಕ್ಟರಿಯಲ್ಲಿ. ಪುಡಿಯ ಪಾಕೀಟುಗಳನ್ನು ರಟ್ಟಿನ ಡಬ್ಬಿಗೆ ತುಂಬಿ ಲಾರಿಗೆ ಹಾಕುತ್ತಾರೆ. ಮೊದಲು ಆ ಡಬ್ಬಿಗಳನ್ನು ಹನ್ನೆರಡು ಹೆಂಗಸರು ನೆಲದ ಮೇಲೆ ದುಂಡಗೆ ಕೂತು ಕೈಯಿಂದ ಮಡಚುತ್ತಿದ್ದೆವು. ಯಾರ ಸೊಸೆ ಏನು ಅಂದಳು, ಎಲ್ಲಮ್ಮನ ಗುಡ್ಡಕ್ಕೆ ಯಾರ ಟ್ರ್ಯಾಕ್ಟರಿನಲ್ಲಿ ಹೋಗುವುದು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇರುವ ನನಗೆ ಅದೇ ಮನೆ, ಅದೇ ಬಳಗ.

ಆಮೇಲೆ ಮಶೀನು ಬಂತು. ರಬ್ಬರಿನ ಬಾಯಿಯಿಂದ ರಟ್ಟಿನ ಹಾಳೆಯನ್ನು ಹೀರಿ ಎತ್ತಿ, ಡಬ್ಬಿ ಮಾಡಿ, ತಳ ಮಡಚಿ, ಟೇಪು ಹಚ್ಚಿ ಮುಂದೆ ನೂಕುವ ಮಶೀನು. ಹನ್ನೊಂದು ಮಂದಿಯನ್ನು ಬಿಡಿಸಿದರು. ಮಶೀನು ಕೆಡಿಸಿದ ಡಬ್ಬಿಗಳನ್ನು ಆರಿಸಿ ರದ್ದಿಗೆ ಹಾಕಲು ಒಬ್ಬರು ಬೇಕಲ್ಲ, ಅದಕ್ಕೆ ನನ್ನನ್ನು ಉಳಿಸಿಕೊಂಡರು. ಗೆಳತಿಯರು ಸಂತೆಯಲ್ಲಿ ಸಿಕ್ಕರೆ ‘ನಿಂದ್ ಛಲೋ ಆತು ಬಿಡವಾ’ ಎಂದು ಮುಖ ತಿರುಗಿಸಿ ಹೋಗುತ್ತಿದ್ದರು. ನಾನೇನು ಮಶೀನು ತಂದವಳೇ? ಆದರೂ ಕಳ್ಳಿಯ ಹಾಗೆ ತಲೆ ತಗ್ಗಿಸುತ್ತಿದ್ದೆ.

ಮಶೀನಿಗೆ ನಾನು ಮನಸ್ಸಿನಲ್ಲೇ ‘ಅತ್ತೆವ್ವ’ ಎಂದು ಹೆಸರಿಟ್ಟಿದ್ದೆ. ದಿನವಿಡೀ ಗೊಣಗುತ್ತಿತ್ತು, ಕೆಡಿಸಿದ್ದನ್ನೆಲ್ಲ ನನ್ನ ಕಡೆಗೇ ಎಸೆಯುತ್ತಿತ್ತು. ಆಪರೇಟರ್ ಮಲ್ಲಪ್ಪ ಒಳ್ಳೆಯವನೇ, ಆದರೆ ಅದರ ಸದ್ದಿನಲ್ಲಿ ಯಾರು ಯಾರ ಜೊತೆ ಮಾತಾಡಬೇಕು? ಬೆಳಿಗ್ಗೆ ತುಟಿ ಮುಚ್ಚಿದರೆ ಸಂಜೆ ಖೋಲಿಯ ಬೀಗ ತೆಗೆಯುವಾಗಲೂ ಮುಚ್ಚಿಯೇ ಇರುತ್ತಿತ್ತು.

ಮಳೆಗಾಲದಲ್ಲಿ ರದ್ದಿ ಸ್ವಲ್ಪವೇ ಬೀಳುತ್ತಿತ್ತು. ದೀಪಾವಳಿ ಕಳೆದು ಒಣ ಗಾಳಿ ಶುರುವಾದ ಮೇಲೆ ರಾಶಿ ಬೆಳೆಯತೊಡಗಿತು. ಹಾಳೆ ಮಡಿಕೆಯಲ್ಲೇ ಪಟ್ಟನೆ ಒಡೆಯುತ್ತಿತ್ತು. ಮಲ್ಲಪ್ಪ ನಟ್ಟು ಬಿಗಿ ಮಾಡಿದ, ಸಡಿಲ ಮಾಡಿದ, ಹಾಳೆ ಕೊಡುವವರನ್ನು ಬೈದ. ಸಾಹುಕಾರರು ಮಲ್ಲಪ್ಪನನ್ನು ಬೈದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕಾರಣ ಏನೆಂದು ನನಗೆ ತಿಂಗಳ ಹಿಂದೆಯೇ ಗೊತ್ತಾಗಿತ್ತು. ನನ್ನ ತವರು ರಾಮದುರ್ಗ, ಅಪ್ಪ ನೇಕಾರ. ಬೇಸಿಗೆಯಲ್ಲಿ ನೂಲು ಹರಿಯತೊಡಗಿದರೆ ಅಪ್ಪ ಮಗ್ಗದಿಂದಲೇ ಕೂಗುತ್ತಿದ್ದ: “ನೂಲಿಗಿ ನೀರಡಿಸೇತಿ, ಒಂದ್ ತಂಬಿಗಿ ನೀರ್ ತಾರವಾ.” ಮಗ್ಗದ ಸುತ್ತ ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿತಟ್ಟು ತೂಗಿ ಹಾಕಿದರೆ ನೂಲು ಮೆತ್ತಗಾಗಿ ಮಾತು ಕೇಳುತ್ತಿತ್ತು. ರಟ್ಟಿಗೂ ಅದೇ ಆಗಿತ್ತು. ನಾವು ಕೈಯಿಂದ ಮಡಚುವಾಗ ಹಿಡಿತ ಸಿಗಲೆಂದು ಬೆರಳು ಒದ್ದೆ ಮಾಡಿಕೊಂಡು ಮಡಿಕೆಯನ್ನು ಸವರುತ್ತಿದ್ದೆವು. ಮಶೀನಿಗೆ ಒದ್ದೆ ಬೆರಳು ಎಲ್ಲಿಂದ ಬರಬೇಕು?

ಗೊತ್ತಿದ್ದೂ ನಾನು ಸುಮ್ಮನಿದ್ದೆ. ರದ್ದಿ ಬೀಳುವವರೆಗೆ ಮಾತ್ರ ನನಗೆ ಕೆಲಸ. ರದ್ದಿ ನಿಂತರೆ ಆ ಹನ್ನೊಂದು ಮಂದಿಯ ಹಿಂದೆ ನಾನೂ ಹೋಗಬೇಕು, ಹೋದರೆ ಖೋಲಿಯ ನಾಲ್ಕು ಗೋಡೆ. ಆ ಹೆದರಿಕೆ ಇತ್ತು.

ಆ ಸಂಕ್ರಾಂತಿ ಮುಗಿಯುತ್ತಲೇ ಮಶೀನು ನೋಡಲು ಪುಣೆಯಿಂದ ಒಬ್ಬ ಇಂಜಿನಿಯರ್ ಬಂದರು. ನಡುವಯಸ್ಸು, ಅರ್ಧ ಮರಾಠಿ ಅರ್ಧ ಕನ್ನಡ. ಮೂರು ದಿನ ಮಶೀನಿನ ಕೆಳಗೇ ಇದ್ದರು, ಏನೂ ತಿಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಶೀನು ನಿಲ್ಲಿಸಿ, ಕೈಗೆ ಗ್ರೀಸು ಮೆತ್ತಿಕೊಂಡು ನನ್ನ ರದ್ದಿ ರಾಶಿಯ ಪಕ್ಕ ಬಂದು ಕುಳಿತರು. “ಊಟ ಝಾಲಾ ಕಾ ಮಾವಶಿ?” ಎಂದು ಚಿಕ್ಕಮ್ಮನನ್ನು ಕೇಳುವ ಹಾಗೆ ಕೇಳಿದರು.

ಆ ಶೆಡ್ಡಿನಲ್ಲಿ ಯಾರಾದರೂ ನನ್ನನ್ನು ಊಟ ಆಯಿತೇ ಎಂದು ಕೇಳಿ ಏಳು ತಿಂಗಳಾಗಿತ್ತು. ಏನಾಯಿತೋ, ನಾನು ಒಡೆದ ಹಾಳೆಯನ್ನು ತೋರಿಸುತ್ತ ಅಂದುಬಿಟ್ಟೆ: “ನೀರಡಿಸೇತ್ರಿ.”

ಅವರು ತಟ್ಟನೆ ತಮ್ಮ ಬಾಟಲಿ ತೆಗೆದು ನನ್ನ ಕೈಗಿಟ್ಟರು. “ಅಯ್ಯೋ, ಮೊದಲss ಹೇಳಬೇಕ್ ನಾ! ಕುಡೀರಿ, ಕುಡೀರಿ.”

ನೀರಡಿಸಿದ್ದು ನನಗೆಂದು ತಿಳಿದಿದ್ದರು. ನಾನು ಅಭ್ಯಾಸದಂತೆ ಬಾಟಲಿಯನ್ನು ಎತ್ತಿ ಹಿಡಿದೆ. “ಬಾಯಿ ಹಚ್ಚಿ ಕುಡೀರಿ ಮಾವಶಿ, ಕಾಯ್ ಹೋತ ನಾಹಿ,” ಏನೂ ಆಗುವುದಿಲ್ಲ, ಎಂದರು. ಕುಡಿದೆ. ನಿಜಕ್ಕೂ ನನಗೂ ನೀರಡಿಸಿತ್ತು. ಕಣ್ಣಲ್ಲಿ ನೀರು ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಅವರು ತಪ್ಪು ತಿಳಿದದ್ದು ನನಗೆ ಒಳ್ಳೆಯದೇ ಆಗಿತ್ತು. ಬಾಟಲಿ ವಾಪಸು ಕೊಟ್ಟು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ಅವರ ನೀರು ಇನ್ನೂ ಗಂಟಲಲ್ಲಿ ತಣ್ಣಗಿತ್ತು. “ನನಗಲ್ರಿ, ಹಾಳಿಗಿ,” ಎಂದೆ. ಸೆರಗಿನ ತುದಿಗೆ ನೀರು ಹನಿಸಿಕೊಂಡು ಹೊಸ ಹಾಳೆಯೊಂದರ ಮಡಿಕೆಯನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು ಮಡಚಿದೆ. ಒಡೆಯಲಿಲ್ಲ. ಸವರದ ಇನ್ನೊಂದನ್ನು ಮಡಚಿದೆ. ಪಟ್ ಎಂದಿತು.

ಅವರು ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮರುದಿನ ಹಾಳೆ ಇಡುವ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಸುತ್ತಲೂ ಒದ್ದೆ ತಟ್ಟು ತೂಗಿ ಹಾಕಿಸಿದರು. ಮೂರು ದಿನದಲ್ಲಿ ನನ್ನ ರಾಶಿ ಒಂದು ಬುಟ್ಟಿಗೆ ಇಳಿಯಿತು. ಹೋಗುವಾಗ ನಾನು ಅವರಿಗೆ ಕುಸುರೆಳ್ಳಿನ ಪೊಟ್ಟಣ ಕೊಟ್ಟೆ. ಅವರು ಬಾಟಲಿಯನ್ನು ನನಗೇ ಬಿಟ್ಟು ಹೋದರು.

ಬೇಸಿಗೆ ಮುಗಿಯುವವರೆಗೆ ತಟ್ಟು ತೋಯಿಸುವ ಕೆಲಸ ನನ್ನದಾಯಿತು. ಮೊದಲ ಮಳೆ ಬಿದ್ದ ವಾರ ಮ್ಯಾನೇಜರ್ ಕರೆದರು. “ಈಗ ಹವಾದಾಗss ತ್ಯಾವ ಐತಿ. ನೀವು ಮನ್ಯಾಗ ಆರಾಮ ಇರ್ರಿ,” ಎಂದರು. ಗಾಳಿಯಲ್ಲೇ ತೇವವಿದ್ದರೆ ಒದ್ದೆ ತಟ್ಟು ಬೇಕಿಲ್ಲ, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಕಲಿಸಿದ ಪಾಠ.

ಆ ಮಳೆಗಾಲ ಬಹಳ ಉದ್ದವಾಗಿತ್ತು. ಯಾಕಾದರೂ ಹೇಳಿದೆನೋ ಎಂದು ಎಷ್ಟೋ ಸಲ ಅನಿಸಿದೆ. ಆ ಬಾಟಲಿಯಲ್ಲೇ ನೀರು ತುಂಬಿಟ್ಟುಕೊಂಡು ಖೋಲಿಯಲ್ಲಿ ಕೂತಿರುತ್ತಿದ್ದೆ.

ದೀಪಾವಳಿ ಕಳೆದು ಗಾಳಿ ಒಣಗಿದ ಒಂದು ಬೆಳಿಗ್ಗೆ ಫೋನು ಬಂತು. ಮಲ್ಲಪ್ಪ. ಹಿಂದೆ ಅತ್ತೆವ್ವನ ಸದ್ದು ಕೇಳುತ್ತಿತ್ತು.

“ಅಕ್ಕಾರ, ಹಾಳಿಗಿ ನೀರಡಿಸೇತ್ರಿ. ಲಗೂನ ಬರ್ರಿ.”

ನಮ್ಮಪ್ಪನ ಮಾತು ಅವನ ಬಾಯಲ್ಲಿ ಕೇಳುತ್ತಲೇ ಬಾಟಲಿಯನ್ನು ಊಟದ ಚೀಲಕ್ಕೆ ಹಾಕಿಕೊಂಡು ಹೊರಟೆ. ಈಗ ಫ್ಯಾಕ್ಟರಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರಂತೆ. ವರ್ಷದಲ್ಲಿ ಆರು ತಿಂಗಳು ನನಗೆ ಅಲ್ಲಿ ಕೆಲಸವಿದೆ, ಉಳಿದ ಆರು ತಿಂಗಳು ನಾನು ಆಕಾಶ ನೋಡುತ್ತ ಕಾಯುತ್ತೇನೆ. ನಾಡಿನವರೆಲ್ಲ ಮಳೆ ಬರಲಿ ಎಂದು ಬೇಡಿಕೊಳ್ಳುವಾಗ ನಾನೊಬ್ಬಳೇ, ಮನಸ್ಸಿನೊಳಗೆ, ಬೇಗ ನಿಲ್ಲಲಿ ಎನ್ನುತ್ತೇನೆ.